ವಾಲಿದ ಗೋಪುರಕ್ಕೆ ಅನುಮತಿ ಇಲ್ಲ

ಲಾಂಛನದ ವಿಷಯ ಬಂದರೆ ನಾನು ಹೆಂಡತಿಯ ಮುಖವನ್ನೂ ನೋಡುವವನಲ್ಲ ಎಂದು ಆಫೀಸಿನಲ್ಲಿ ಎಲ್ಲರೆದುರು ಘೋಷಿಸಿದ್ದೆ. ದೇವರು ಆ ಮಾತನ್ನು ನಿಜವೆಂದೇ ತಿಳಿದು, ಆಮೇಲೆ ತಿಂಗಳುಗಟ್ಟಲೆ ಅವಳ ಮುಖವನ್ನೇ ತೋರಿಸಲಿಲ್ಲ.

ನಮ್ಮದು ಈ ಸೀಮೆಯ ಹಳೆಯ ಕಟ್ಟಡಗಳನ್ನು ಪ್ರವಾಸಿಗರಿಗೆ ತೋರಿಸುವ ಸಂಸ್ಥೆ. ಇಲ್ಲಿನದೇ ಹಳೆಯ ಗೋಪುರವೊಂದರ ನೀಲಿ ಚಿತ್ರ ನಮ್ಮ ಲಾಂಛನ. ಛತ್ರಿಯೋ ಸಾಬೂನೋ ಚೀಲವೋ, ಯಾವುದರ ಮೇಲೆ ಅದನ್ನು ಹಾಕಬೇಕಾದರೂ ಮೊದಲು ನಮೂನೆ ನನ್ನ ಮೇಜಿಗೆ ಬರಬೇಕು. ನೀಲಿ ಬದಲಾಗಕೂಡದು, ಸುತ್ತ ಖಾಲಿ ಜಾಗ ಬಿಡಬೇಕು, ಹಿಗ್ಗಿಸಕೂಡದು, ಓರೆ ಮಾಡಕೂಡದು. ಈ ನಿಯಮಗಳನ್ನು ಬರೆದ ಮಹಾಪುರುಷನೂ ನಾನೇ, ಕಾಯುವ ದ್ವಾರಪಾಲಕನೂ ನಾನೇ.

ಹೆಂಡತಿ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದ ಊರಿನಲ್ಲಿ, ತನ್ನ ಅಕ್ಕನ ಜೊತೆ ಸೇರಿ ಬಟ್ಟೆಯ ಚೀಲ ಹೊಲಿಯುತ್ತಿದ್ದಳು. ಗೋಪುರ ಹಾಕಲು ಅನುಮತಿ ಸಿಕ್ಕರೆ ನಮ್ಮ ಸಂಸ್ಥೆಯ ಮಳಿಗೆಯೇ ಚೀಲಗಳನ್ನೆಲ್ಲ ಕೊಳ್ಳುತ್ತದೆ, ಆಗ ಮೆಷಿನ್ ಸಮೇತ ಮನೆಗೆ ಬಂದುಬಿಡುತ್ತೇನೆ ಎಂದಿದ್ದಳು. ಅವಳು ಬರಲು ನನ್ನದೊಂದು ಸಹಿ ಸಾಕಿತ್ತು.

ಮೊದಲ ಚೀಲದಲ್ಲಿ ನೀಲಿ ತುಸು ಗಾಢ. ತಿರಸ್ಕರಿಸಿದೆ. ಎರಡನೆಯದರಲ್ಲಿ ಗೋಪುರಕ್ಕೆ ತಾಗಿಕೊಂಡೇ ಒಂದು ಜೇಬು. ಖಾಲಿ ಜಾಗ ಎಲ್ಲಿ? ತಿರಸ್ಕರಿಸಿದೆ. ಮೂರನೆಯದರಲ್ಲಿ ಗೋಪುರವೇ ಕೊಂಚ ಎಡಕ್ಕೆ ವಾಲಿತ್ತು.

"ನಿಜವಾದ ಗೋಪುರಾನೇ ವಾಲಿದೆಯಲ್ರೀ. ಫೋಟೋ ಎದುರಿಗಿಟ್ಕೊಂಡೇ ಹೊಲಿದಿದೀನಿ," ಎಂದಳು ಫೋನಿನಲ್ಲಿ.

"ನಿಜವಾದ ಗೋಪುರ ನಮ್ಮ ನಿಯಮಕ್ಕೆ ಒಳಪಡೋದಿಲ್ಲ ಕಣೇ."

"ಮತ್ತೆ ನಾನು?"

"ನೀನು ಅರ್ಜಿದಾರಳು."

ಅವಳು ಫೋನ್ ಇಟ್ಟಳು. ನಾನು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಒಬ್ಬನೇ ಊಟಕ್ಕೆ ಕುಳಿತೆ. ಅಡುಗೆ ಸೀದಿತ್ತು. ಸೀದಿದೆ ಎಂದು ಬೈಯುವವರೂ ಇರಲಿಲ್ಲ.

ತಿರಸ್ಕೃತ ನಮೂನೆಗಳನ್ನು ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕಬೇಕೆಂಬುದೂ ನಿಯಮ. ನಾನು ಮೂರನ್ನೂ ಮನೆಗೆ ತಂದಿದ್ದೆ. ಒಂದನ್ನು ಅವಳ ಕುರ್ಚಿಯ ಮೇಲಿಟ್ಟೆ. ಇನ್ನೊಂದನ್ನು ಬಾಗಿಲ ಹಿಂದಿನ ಮೊಳೆಗೆ ತಗುಲಿಸಿದೆ, ಅವಳು ಈಗಷ್ಟೇ ಪೇಟೆಯಿಂದ ಬಂದು ಕೈಕಾಲು ತೊಳೆಯಲು ಹೋದಂತೆ. ವಾಲಿದ ಗೋಪುರದ್ದು ದಿಂಬಿನ ಪಕ್ಕ. ಅದರ ಹೊಲಿಗೆಯಲ್ಲಿ ಮೆಷಿನ್ ಎಣ್ಣೆಯ ವಾಸನೆ ಇತ್ತು, ಅವಳ ಕೈಯಲ್ಲಿ ಯಾವಾಗಲೂ ಇರುವ ವಾಸನೆ. ನನಗೆ ಅವಳು ಬೇಕಾಗಿದ್ದಳು, ಅಷ್ಟೇ. ನಿಯಮಾವಳಿಯಲ್ಲಿ ಅದಕ್ಕೊಂದು ಕಲಮು ಇರಲಿಲ್ಲ.

ಒಂದು ಭಾನುವಾರ ತರಕಾರಿಗೆ ಹೊರಟಾಗ ಕೈಗೆ ಅದೇ ವಾಲಿದ ಗೋಪುರದ ಚೀಲ ಬಂತು. ಟೊಮೇಟೊ ಕೊಂಡು ತಿರುಗಿದರೆ ಅಂಗಡಿಯ ಮುಂದೆ ಎದುರಾದವರು ನಮ್ಮ ನಿರ್ದೇಶಕಿ! ಗಾಬರಿಯಲ್ಲಿ ಚೀಲವನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಟೊಮೇಟೊಗಳೆಲ್ಲ ಅವರ ಕಾಲ ಬುಡಕ್ಕೆ ಉರುಳಿದವು.

"ಏನ್ರೀ ಅದು? ತೋರಿಸಿ."

"ಅನುಮತಿ ಇಲ್ಲದ್ದು ಮೇಡಂ. ನಾಳೆ ನನಗೆ ನಾನೇ ನೋಟಿಸು ಕೊಟ್ಕೋತೀನಿ."

ಅವರು ಚೀಲವನ್ನು ಕಸಿದುಕೊಂಡು ನೋಡಿದರು. "ಥೇಟ್ ನಮ್ಮ ಗೋಪುರದ ಹಾಗೇ ಇದೆಯಲ್ರೀ. ಲೋಗೊಗಿಂತ ಇದೇ ಚೆನ್ನಾಗಿದೆ. ಮಳಿಗೆಗೆ ತರಿಸಿ, ಅನುಮತಿ ಕೊಟ್ಟಿದೀನಿ."

ಟೊಮೇಟೊಗಳನ್ನು ಅಲ್ಲೇ ಬಿಟ್ಟು, ಚೀಲವನ್ನು ಎದೆಗವಚಿಕೊಂಡು ಮನೆಗೆ ಓಡಿದೆ.

"ಅನುಮತಿ ಸಿಕ್ತು ಕಣೇ! ಮೆಷಿನ್ ಕಟ್ಟು, ಹೊರಡು."

ಫೋನಿನಲ್ಲಿ ಮೆಷಿನ್ ಸದ್ದು ಕೇಳಿಸುತ್ತಲೇ ಇತ್ತು. "ಗೋಪುರ ತೆಗೆದುಬಿಟ್ಟೆ ರೀ. ಬರೀ ಚೀಲಾನೇ ಜನ ಕೇಳ್ಕೊಂಡು ಬರ್ತಿದಾರೆ. ಮಳೆಗಾಲ ಮುಗಿಯೋವರೆಗೂ ನನಗೆ ಪುರುಸೊತ್ತಿಲ್ಲ."

"ಹಾಗಾದ್ರೆ ನನ್ನ ಗತಿ?"

ಮೆಷಿನ್ ನಿಂತಿತು. "ವಾಪಸ್ ಕಳಿಸದೆ ಇಟ್ಕೊಂಡಿದೀರಲ್ಲ, ಮೂರು ಚೀಲ. ರಜೆ ಹಾಕಿ, ಬಟ್ಟೆ ತುಂಬ್ಕೊಂಡು ನೀವೇ ಬನ್ನಿ. ನನಗೂ ನೀವಿಲ್ದೆ ಸಾಕಾಗಿದೆ."

ಸಂಜೆ ಬಸ್ಸಿಗೆ ಹೊರಡುವ ಹೊತ್ತಿಗೆ ಮತ್ತೆ ಅವಳದೇ ಫೋನ್.

"ಗೋಪುರ ನೆಟ್ಟಗೆ ಕಾಣ್ಲಿ ಅಂತ ಚೀಲಕ್ಕೆ ಇಸ್ತ್ರಿ ಹಾಕ್ತಾ ಕೂತ್ಕೋಬೇಡಿ ಮತ್ತೆ, ಬಸ್ಸು ತಪ್ಪುತ್ತೆ."

"ಛೆ, ನಾನೇನು ಅಂಥವನಾ?" ಎಂದು, ಇಸ್ತ್ರಿಪೆಟ್ಟಿಗೆಯನ್ನು ಸದ್ದಾಗದಂತೆ ಕೆಳಗಿಟ್ಟೆ.