ಕೇಳದೆ ಹುಟ್ಟಿಸಬಾರದೆಂದ ದನದ ಡಾಕ್ಟರು

ಕೆಲವರಿಗೆ ಸುಮ್ಮನಿರಲು ಬರುತ್ತದೆ. ನನಗೆ ಬರಲಿಲ್ಲ. ಅದಕ್ಕೇ ವರ್ಗವಾಗಿ ಹೋದ ಊರಲ್ಲೆಲ್ಲ ಇಂಥವು ನಡೆಯುತ್ತಲೇ ಬಂದವು. ದನದ ದವಾಖಾನೆಯಲ್ಲಿ ನೌಕರಿ. ಊರ ಎಮ್ಮೆ, ಆಕಳುಗಳಿಗೆ ಕೃತಕ ಗರ್ಭಧಾರಣೆಯ ಸೂಜಿ ಮಾಡಿ ಗಬ್ಬ ಕಟ್ಟಿಸುವುದು ನನ್ನ ಕೆಲಸ. ಮನೆಯಲ್ಲಿ ಮಾತ್ರ ಮಕ್ಕಳು ಬೇಡವೆಂಬ ತತ್ವ. ಹುಟ್ಟುವ ಜೀವವನ್ನು ಒಂದು ಮಾತು ಕೇಳದೆ ಈ ಕಷ್ಟದ ಲೋಕಕ್ಕೆ ಎಳೆದು ತರಲು ನಾವ್ಯಾರು? ಕಾಲೇಜಿನ ದಿನಗಳಲ್ಲಿ ಎಲ್ಲೋ ಓದಿ ತಲೆಗೇರಿಸಿಕೊಂಡದ್ದು, ಇಳಿಯಲಿಲ್ಲ.

೧. ಇಂಡಿ

ಒಬ್ಬ ರೈತ ಎಮ್ಮೆ ಹಿಡಿದು ನಿಂತಿದ್ದ. ನಾನು ಕೈಗವಸು ಹಾಕಿಕೊಳ್ಳುವಷ್ಟರಲ್ಲಿ "ಮಕ್ಕಳೆಷ್ಟ್ರಿ ಸಾಹೇಬ್ರ?" ಎಂದ. ಇಲ್ಲ ಎಂದೆ. ಪಾಪ ಎನ್ನುವಂತೆ ಮುಖ ಮಾಡಿದ. ನನಗೆ ತಡೆಯಲಾಗಲಿಲ್ಲ.

"ಆಗಿಲ್ಲ ಅಂತಲ್ಲೋ, ಬ್ಯಾಡ ಅಂತ ಬಿಟ್ಟೇನಿ" ಎಂದು ಶುರು ಮಾಡಿ ಹತ್ತು ನಿಮಿಷ ತತ್ವ ಹೇಳಿದೆ. ಪುಣ್ಯಾತ್ಮ ಪೂರ್ತಿ ಕೇಳಿದ. ನಾನು ಸೂಜಿ ಎತ್ತಿದಾಗ ಕೈ ಅಡ್ಡ ಹಿಡಿದ.

"ತಡೀರಿ ಸಾಹೇಬ್ರ, ನಮ್ಮ ಎಮ್ಮೀನ ಒಂದು ಮಾತು ಕೇಳೂಣು."

ಎಮ್ಮೆ ಬಾಲ ಬೀಸಿ ನನ್ನ ಕನ್ನಡಕ ಕೆಡವಿತು.

"ಒಲ್ಲೆ ಅಂತ ಕಾಣತೈತ್ರಿ."

೨. ಸಿಂದಗಿ

ಇಲ್ಲಿ ದವಾಖಾನೆಯ ಹಿಂದೆಯೇ ನಮ್ಮ ಮನೆ. ನಾನು ಅಂಗಳದಲ್ಲಿ ಆಡುವುದೆಲ್ಲ ಅಡುಗೆಮನೆ ಕಿಟಕಿಗೆ ಕೇಳುತ್ತಿತ್ತು. ಬೆದೆಗೆ ಬಂದ ಎಮ್ಮೆಯನ್ನು ಹೊತ್ತಿಗೆ ಸರಿಯಾಗಿ ತರದವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಒಬ್ಬ ರೈತ ಬೀಗರ ಮನೆಯ ಲಗ್ನ ಮುಗಿಸಿಕೊಂಡು ಮೂರು ದಿನ ಬಿಟ್ಟು ತಂದ.

"ವ್ಯಾಳ್ಯಾ ಮೀರಿದ ಮ್ಯಾಲ ಬಂದು ಕೇಳಿದ್ರ ನಾ ಏನ್ ಮಾಡ್ಲಿ? ಮೂಕ ಪ್ರಾಣಿ, ಬಾಯಿ ಬಿಟ್ಟು ಹೇಳತೈತೇನು? ನೀನ ತಿಳಕೋಬೇಕು" ಎಂದು ಒದರಿದೆ. ದಿನಕ್ಕೊಬ್ಬರಿಗಾದರೂ ಇದೇ ಬೈಗುಳ. ಕಿಟಕಿಯ ಒಳಗಿದ್ದ ಹೆಂಡತಿಗೆ ಬಾಯಿಪಾಠವಾಗಿತ್ತು.

ಆತ ಶಾಂತವಾಗಿ ಹೇಳಿದ: "ಎಮ್ಮಿ ಸುಮ್ಮನ ನಿಂತೈತ್ರಿ. ನಿಮಗ್ಯಾಕ ಇಷ್ಟ ಸಂಕಟ?"

೩. ಮುದ್ದೇಬಿಹಾಳ

ಎದುರು ಮನೆಯ ಬೂಬಮ್ಮ ತನ್ನ ಮೊಮ್ಮಗಳನ್ನು ದಿನಾ ನಮ್ಮಲ್ಲಿ ಬಿಟ್ಟು ಸಂತೆ, ಕೆಲಸ ಎಂದು ಹೋಗುತ್ತಿದ್ದಳು. ಹೆಂಡತಿ ಆ ಕೂಸಿಗೆ ಎಣ್ಣೆ ಹಚ್ಚಿ ಎರೆದು ಮಲಗಿಸುತ್ತಿದ್ದಳು. ಹೊತ್ತು ಕಳೆಯಲು ಮಾಡುತ್ತಾಳೆ ಎಂದುಕೊಂಡಿದ್ದೆ. ನನ್ನ ದಡ್ಡತನಕ್ಕೆ ಏನೆನ್ನಲಿ.

ಒಂದು ದಿನ ಬೂಬಮ್ಮ ಬಿಟ್ಟು ಹೊರಡುವಷ್ಟರಲ್ಲೇ ಕೂಸು ಕಿರುಚತೊಡಗಿತು. ನಾನು ಬೂಬಮ್ಮನಿಗೆ, "ನೋಡವಾ, ಈ ಜಗತ್ತಿಗೆ ಬಂದದ್ದಕ್ಕ ಅಳಾಕತ್ತೈತಿ" ಎಂದೆ.

ಹೆಂಡತಿ ಎತ್ತಿಕೊಂಡಳು, ಅಳು ನಿಂತಿತು. ನಾನು ಬಗ್ಗಿ ನೋಡಿದೆ, ಮತ್ತೆ ಶುರುವಾಯಿತು.

"ಜಗತ್ತ ನೋಡಿ ಅಲ್ರಿ ಸಾಹೇಬ್ರ," ಎಂದಳು ಬೂಬಮ್ಮ, "ನಿಮ್ಮನ್ನ ನೋಡಿ."

೪. ಬಸವನ ಬಾಗೇವಾಡಿ

ನಿವೃತ್ತನಾಗಿ ಇಲ್ಲೇ ಮನೆ ಮಾಡಿದೆವು. ಮೊನ್ನೆ ಓಣಿಯ ಹೊಸ ಗಂಡ ಹೆಂಡತಿ ಬಂದರು.

"ಕಾಕಾರ, ನಾವೂ ಮಕ್ಕಳು ಬ್ಯಾಡ ಅಂತ ಮಾಡೇವ್ರಿ. ಮನ್ಯಾಗ ಒಪ್ಪವಲ್ರು. ನೀವು ಹೆಂಗ ನಿಭಾಯಿಸಿದ್ರಿ?"

ಜೀವಮಾನದಲ್ಲಿ ಸಿಕ್ಕ ಮೊದಲ ಶಿಷ್ಯರು. ನಾನು ಉಬ್ಬಿಹೋದೆ. ಕೇಳದೆ ಹುಟ್ಟಿಸುವುದು ಎಂಥ ಅನ್ಯಾಯ ಎಂದು ಒಂದು ತಾಸು ಬಿಡಿಸಿ ಹೇಳಿದೆ. ಹುಡುಗಿ ಕೇಳಿದಳು: "ನೀವಿಬ್ಬರೂ ಕೂಡೇ ಠರಾಯಿಸಿದ್ರೇನ್ರಿ?"

"ಮತ್ತ? ಇಬ್ಬರೂ ಕೂಡೇ."

ಒಳಗಿನಿಂದ ಹೆಂಡತಿಯ ದನಿ ಬಂತು: "ಹೌದೇನ್ರಿ? ನನಗ ಇವತ್ತ ಗೊತ್ತಾತು ನೋಡ್ರಿ."

ಅವರು ನಕ್ಕರು. ನಾನೂ ನಕ್ಕೆ. ಆಮೇಲೆ ನಗಲು ಆಗಲಿಲ್ಲ. ಹುಟ್ಟದೇ ಇರುವ ಜೀವದ ಒಪ್ಪಿಗೆಗಾಗಿ ಆಯುಷ್ಯವೆಲ್ಲ ವಾದ ಮಾಡಿದೆ. ಮನೆಯಲ್ಲಿದ್ದ ಜೀವವನ್ನು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಅವರು ಹೋದ ಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಈಗ ಕೇಳ್ತೇನಿ," ಎಂದೆ. "ನಿನಗ ಬೇಕಾಗಿತ್ತೇನು?"

ಬಡಿಯುವ ಕೈ ನಿಂತಿತು. ಆಮೇಲೆ ಬಿಸಿ ರೊಟ್ಟಿಯೊಂದನ್ನು ನನ್ನ ತಾಟಿಗೆ ಹಾಕಿ, ಸ್ವಲ್ಪ ನಕ್ಕು, ಹೇಳಿದಳು:

"ವ್ಯಾಳ್ಯಾ ಮೀರಿದ ಮ್ಯಾಲ ಬಂದು ಕೇಳಿದ್ರ ನಾ ಏನ್ ಮಾಡ್ಲಿ?"