ಅರಮನೆಗೆ ಹೊರಟು ಗವಿಯಲ್ಲಿ ಕೂತದ್ದು

ನಾನು ಊರೂರು ಸುತ್ತಿದವಳು ಎಂದರೆ ಸುಳ್ಳಾಗುವುದಿಲ್ಲ. ಕೆ.ಆರ್. ನಗರ ನೋಡಿದ್ದೇನೆ, ಪಿರಿಯಾಪಟ್ಟಣ ನೋಡಿದ್ದೇನೆ, ಬಿಳಿಕೆರೆಗಂತೂ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದೇನೆ. ಆದರೆ ಆ ಊರುಗಳಲ್ಲಿ ನೋಡುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದರೆ ನಾನು ಹೇಳಬಲ್ಲದ್ದು ಅಡುಗೆಮನೆಗಳ ವಿಚಾರ ಮಾತ್ರ. ಕೆ.ಆರ್. ನಗರದ ನಾದಿನಿಯ ಮನೆಯಲ್ಲಿ ಒಲೆ ಬಾಗಿಲಿಗೆ ಎದುರಾಗಿದೆ, ಗಾಳಿ ಬೀಸಿದರೆ ಹೊಗೆಯೆಲ್ಲ ಕಣ್ಣಿಗೆ. ಪಿರಿಯಾಪಟ್ಟಣದ ದೊಡ್ಡಮ್ಮನ ಮನೆಯ ಒರಳುಕಲ್ಲು ಹಿತ್ತಿಲಲ್ಲಿದೆ, ಮಳೆ ಬಂದರೆ ಒಬ್ಬರು ಕೊಡೆ ಹಿಡಿಯಬೇಕು, ಇನ್ನೊಬ್ಬರು ರುಬ್ಬಬೇಕು. ಬಿಳಿಕೆರೆಯ ಅಕ್ಕನ ಮನೆಯಲ್ಲಿ ಉಪ್ಪಿನ ಜಾಡಿ ಎಲ್ಲಿದೆ ಎಂಬುದು ಅಕ್ಕನಿಗಿಂತ ನನಗೇ ಚೆನ್ನಾಗಿ ಗೊತ್ತು. ಮದುವೆ, ನಾಮಕರಣ, ಬಾಣಂತನ, ತಿಥಿ, ಇವುಗಳಲ್ಲಿ ಯಾವುದಾದರೊಂದು ಕರೆಯದೆ ನಾನು ಬಸ್ಸು ಹತ್ತಿದವಳೇ ಅಲ್ಲ. ಹತ್ತಿ ಇಳಿದ ಮೇಲೆ ನೇರವಾಗಿ ಒಲೆಯ ಮುಂದೆ.

ಹುಣಸೂರಿನಲ್ಲಿ ನಮ್ಮ ಮನೆ ಇರುವುದು ಬಸ್‌ಸ್ಟ್ಯಾಂಡಿಗೆ ಹೋಗುವ ರಸ್ತೆಯಲ್ಲಿ. ಇದೂ ನನ್ನ ಊರು ನೋಡುವ ಕಾಯಿಲೆಗೆ ಒಂದು ಕಾರಣ. ಕಿಟಕಿಯ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದರೆ ಕಣ್ಣು ಅಕ್ಕಿಯ ಮೇಲೆ ನಿಲ್ಲುವುದಿಲ್ಲ. ಬಸ್ಸುಗಳ ಬೋರ್ಡು ಓದುತ್ತದೆ. ಹಂಪಾಪುರ, ಸರಗೂರು, ವಿರಾಜಪೇಟೆ. ಓದಿದ ಊರಿಗೆಲ್ಲ ಮನಸ್ಸು ಹತ್ತಿಕೊಂಡು ಹೋಗುತ್ತದೆ. ಅನ್ನದಲ್ಲಿ ಕಲ್ಲು ಸಿಕ್ಕಾಗಲೆಲ್ಲ ನಮ್ಮ ಮನೆಯವರು, "ಇವತ್ತು ಯಾವ ಊರಿನ ಬಸ್ಸು?" ಎಂದು ಕೇಳುತ್ತಾರೆ. ಅವರು ಹೊಗೆಸೊಪ್ಪಿನ ಮಂಡಿಯಲ್ಲಿ ಗುಮಾಸ್ತರು. ಮೂಗಿನ ಮೇಲಿನ ಕನ್ನಡಕ ಬಿಟ್ಟು ಇನ್ನು ಯಾವುದರ ಮೇಲೂ ಅವರಿಗೆ ಆಸೆಯಿಲ್ಲ.

ನನ್ನ ಆಸೆ ಬಹಳ ಹಳೆಯದು. ಹುಡುಗಿಯಾಗಿದ್ದಾಗ ನನ್ನ ಸೋದರಮಾವ ಹೆಗ್ಗಡದೇವನಕೋಟೆಯ ಕಡೆಯ ಕಾಡಿಗೆ ಗಾಡಿ ಹೊಡೆದುಕೊಂಡು ಹೋಗಿ ಬಂದು ಒಂದು ಅರಮನೆಯ ವಿಷಯ ಹೇಳಿದ್ದ. ರಾಜರು ಬೇಟೆಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಅರಮನೆಯಂತೆ. ಹೊಳೆಯ ದಡದಲ್ಲಿದೆಯಂತೆ. ಅದರ ಜಗಲಿಯಲ್ಲಿ ಉದ್ದನೆಯ ಬೆತ್ತದ ಕುರ್ಚಿಗಳಿವೆಯಂತೆ, ಕುರ್ಚಿಯಲ್ಲಿ ಒರಗಿ ಕೂತರೆ ಆಚೆ ದಡದಲ್ಲಿ ಆನೆಗಳು ನೀರಿಗಿಳಿಯುವುದು ಕಾಣುತ್ತದಂತೆ. ನನಗೆ ರಾಜರೂ ಬೇಡ, ಆನೆಯೂ ಅಷ್ಟಾಗಿ ಬೇಡ. ಆ ಕುರ್ಚಿಯಲ್ಲಿ ಒಂದು ಗಳಿಗೆ ಒರಗಿ ಕೂರಬೇಕು ಎಂಬುದು ಮನಸ್ಸಿನಲ್ಲಿ ಕೂತುಬಿಟ್ಟಿತು. ನಾನು ಆವರೆಗೆ ಕೂತದ್ದೆಲ್ಲ ಮಣೆಯ ಮೇಲೆ.

ಕಬಿನಿಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ ಅದು. ನಾವು ಕೆಲವು ಹೆಂಗಸರು ಮಧ್ಯಾಹ್ನದ ಹೊತ್ತು ರಾಜಮ್ಮನವರ ಮನೆಗೆ ಹೊಲಿಗೆ ಕಲಿಯಲು ಹೋಗುತ್ತಿದ್ದೆವು. ಒಂದು ದಿನ ರಾಜಮ್ಮನವರು ಮಿಷನ್ನು ನಿಲ್ಲಿಸಿ, "ಎಲ್ಲರೂ ಸೇರಿ ಒಂದು ದಿನದ ಟೂರು ಹೋಗೋಣ ಕಣ್ರೀ. ಕೋಟೆ, ಗವಿ, ಕಾಡು, ಅರಮನೆ, ಎಲ್ಲ ನೋಡಿಕೊಂಡು ಸಾಯಂಕಾಲಕ್ಕೆ ವಾಪಸ್" ಎಂದರು. ಅರಮನೆ ಎಂಬ ಮಾತು ಕೇಳಿ ನನ್ನ ಕೈಯಲ್ಲಿದ್ದ ಕತ್ತರಿ ಗುರುತು ಹಾಕಿದ ಗೆರೆ ಬಿಟ್ಟು ಹೋಯಿತು. ನಮ್ಮ ಮನೆಯವರ ಆ ಅಂಗಿಗೆ ಈಗಲೂ ಒಂದು ತೋಳು ಗಿಡ್ಡ.

ಅವರ ಒಪ್ಪಿಗೆ ಸಿಕ್ಕಿತು. ಮಕ್ಕಳಿಬ್ಬರನ್ನು ನೋಡಿಕೊಳ್ಳಲು ನಾದಿನಿ ಕೆ.ಆರ್. ನಗರದಿಂದ ಬಂದಳು. ಎಲ್ಲ ಸರಿಹೋಯಿತು ಎನ್ನುವಾಗ, ರಾಗಿ ಕೇರುತ್ತಿದ್ದ ನಮ್ಮ ಅತ್ತೆ ಮೊರ ಕೆಳಗಿಟ್ಟು, "ನಾನೂವೆ ಬತ್ತೀನಿ ಕಣವ್ವ" ಎಂದರು. ಅತ್ತೆ ಕೆಟ್ಟವರಲ್ಲ. ಆದರೆ ಅವರ ಜೊತೆ ಹೋಗುವುದೆಂದರೆ ನಮ್ಮ ಅಡುಗೆಮನೆಯೇ ಎದ್ದು ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದ ಹಾಗೆ. ಹಾಗೇ ಆಯಿತು. ಹೊರಡುವ ದಿನ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಹುಳಿಯನ್ನ, ಮೊಸರನ್ನ ಎಲ್ಲ ಡಬ್ಬಿಗಳಲ್ಲಿ ತುಂಬಿ ನನ್ನ ತೊಡೆಯ ಮೇಲೆ ಹೇರಿದರು. ಕಿಟಕಿಯ ಪಕ್ಕದ ಸೀಟಿನಲ್ಲಿ ತಾವು ಕೂತರು.

ನಮ್ಮ ಗೈಡು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಶ್ಯಾಮರಾಯರು. ಅವರನ್ನು ಗೈಡು ಮಾಡಲು ಅವರು ಆ ಕಡೆ ಒಮ್ಮೆ ಹೋಗಿದ್ದರೆಂಬುದೇ ಅರ್ಹತೆ. ಒಳ್ಳೆಯ ಮನುಷ್ಯರು, ಬಾಯಿ ತೆರೆದರೆ ಕೈ ಗಾಳಿಯಲ್ಲಿ ಚಿತ್ರ ಬರೆಯುತ್ತದೆ. ಹೆಗ್ಗಡದೇವನಕೋಟೆಯಲ್ಲಿ ನಮ್ಮನ್ನು ಇಳಿಸಿ ಒಂದು ಮಣ್ಣಿನ ದಿಬ್ಬದ ಎದುರು ನಿಲ್ಲಿಸಿದರು. ದಿಬ್ಬದ ಮೇಲೆ ಒಂದು ಮೇಕೆ ಮೇಯುತ್ತಿತ್ತು.

"ಇದೇ ಕೋಟೆ. ಇಲ್ಲಿ ಬುರುಜು, ಅಲ್ಲಿ ಹೆಬ್ಬಾಗಿಲು, ಇಲ್ಲೆಲ್ಲ ಕಾವಲುಗಾರರು" ಎಂದು ಮೇಷ್ಟ್ರು ಗಾಳಿಯಲ್ಲಿ ಕೋಟೆ ಕಟ್ಟಿದರು. ನಮಗೆ ಮೇಕೆ ಮಾತ್ರ ಕಂಡಿತು. "ಕಣ್ಣು ಮುಚ್ಚಿಕೊಂಡು ನೋಡಬೇಕು, ತಾಯಂದಿರೇ. ಆಗ ಕಾಣುತ್ತೆ."

ಅತ್ತೆ ನಿಧಾನವಾಗಿ, "ಕಣ್ ಮುಚ್ಕಂಡು ನೋಡಾದಾದ್ರೆ ಮನೇಲೇ ಕೂತ್ಕಂಡು ನೋಡ್ಬೋದಾಗಿತ್ತಲ್ಲ ಮೇಷ್ಟ್ರೇ" ಎಂದರು. ಮೇಷ್ಟ್ರ ಕೈ ಗಾಳಿಯಲ್ಲೇ ನಿಂತಿತು. ನನಗೆ ನಾಚಿಕೆಯಾಯಿತು. ಆದರೆ ನಾನೂ ಕಣ್ಣು ಮುಚ್ಚಿಕೊಂಡು ನೋಡಿದ್ದೆ, ಏನೂ ಕಂಡಿರಲಿಲ್ಲ ಎಂಬುದೂ ನಿಜ.

ಸರಗೂರು ದಾಟಿದ ಮೇಲೆ ಒಂದು ಗುಡ್ಡದ ಬುಡದಲ್ಲಿ ಬಸ್ಸು ನಿಂತಿತು. ಗುಡ್ಡದ ನಡುವಿಗೆ ಹತ್ತಿದರೆ ಗವಿ. ಗವಿ ನೋಡಿ ಇಳಿದು, ಬಸ್ಸಿನಲ್ಲಿ ಕಾಡಿನ ಅಂಚಿನವರೆಗೆ ಹೋಗಿ, ಅಲ್ಲಿಂದ ಕಾಲುದಾರಿಯಲ್ಲಿ ಮರಗಳ ನಡುವೆ ನಡೆದು ಅರಮನೆ ಸೇರುವುದು, ಸಾಯಂಕಾಲ ಇದೇ ದಾರಿಯಲ್ಲಿ ಹಿಂದಿರುಗುವುದು ಎಂದು ಮೇಷ್ಟ್ರು ಹೇಳಿದ್ದರು. ನಾನು ಡಬ್ಬಿಗಳನ್ನು ಹೊತ್ತು ಏದುಸಿರು ಬಿಡುತ್ತ ಹತ್ತಿದೆ. ಡಬ್ಬಿಗಳನ್ನು ಬಸ್ಸಿನಲ್ಲಿ ಬಿಟ್ಟರೆ ಡ್ರೈವರು ತಿಂದುಬಿಡುತ್ತಾನೆ ಎಂದು ಅತ್ತೆಯ ಗುಮಾನಿ.

ಗವಿ ದೊಡ್ಡದೇನಲ್ಲ. ಬಾಯಿ ಚಿಕ್ಕದು, ಬಗ್ಗಿ ನುಸುಳಬೇಕು. ಒಳಗೆ ಹೋದರೆ ನಮ್ಮ ನಡುಮನೆಯಷ್ಟು ಜಾಗ. ಕಲ್ಲು ನುಣ್ಣಗೆ ತಣ್ಣಗಿತ್ತು. ಬಾವಲಿಯ ವಾಸನೆಗೆ ಮೂಗು ಮುಚ್ಚಿಕೊಂಡು ಹೆಂಗಸರೆಲ್ಲ ಒಳಗೊಂದು ಸುತ್ತು ಹಾಕಿ ಹೊರಗೆ ಓಡಿದರು. ಇಲ್ಲಿ ಋಷಿಗಳು ತಪಸ್ಸು ಮಾಡುತ್ತಿದ್ದರು ಎಂದು ಮೇಷ್ಟ್ರು ಹೊರಗೇ ನಿಂತು ವಿವರಿಸಿದರು. ಅವರಿಗೆ ಬಾವಲಿ ಎಂದರೆ ಆಗದು.

ಎಲ್ಲರೂ ಇಳಿಯಲು ಶುರುಮಾಡಿದಾಗ ಅತ್ತೆ ಕಾಣಲಿಲ್ಲ. ಮತ್ತೆ ಬಗ್ಗಿ ಒಳಗೆ ಹೋದೆ. ಅತ್ತೆ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ನೀಡಿ, ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರು ಕಾಲು ನೀಡಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏಳಿ ಅತ್ತೆ, ಎಲ್ಲ ಹೊರಟರು" ಎಂದೆ.

"ನೀವ್ ಓಗ್ರವ್ವ. ನಾನು ಇಲ್ಲೇ ಇರ್ತೀನಿ."

"ಕಾಲು ನೋವಾ?"

"ಕಾಲ್ಗೇನಾಗದೆ, ಗಟ್ಟಿಗವೆ." ಸೆರಗಿನಿಂದ ಮುಖ ಒರೆಸಿಕೊಂಡು, "ಇಲ್ಲಿ ಯಾರೂ ಕೂಗಾಕಿಲ್ಲ ಕಣ ಸರೋಜಿ. ನೋಡು ಬೇಕಾದ್ರೆ, ಕಿವಿ ಕೊಟ್ಟು ಕೇಳು" ಎಂದರು.

ನಾನು ಕೇಳಿದೆ. ಏನೂ ಕೇಳಿಸಲಿಲ್ಲ. ನೀರು ಎಲ್ಲೋ ಒಂದು ಕಡೆ ತೊಟ್ಟಿಕ್ಕುತ್ತಿತ್ತು, ಅಷ್ಟೆ.

"ಮದ್ವೆ ಆಗಿ ಬಂದಾಗಿಂದ ಅವ್ವಾ, ಅಕ್ಕಾ, ಅತ್ಗೆ, ನಿಂಗೀ, ಅಜ್ಜೀ ಅಂತ ಯಾರಾರ ಒಬ್ರು ಕೂಗ್ತಾನೇ ಅವ್ರೆ. ಒಂದ್ ದಿನ ಇಲ್ಲಿ ಕೂತ್ಕತೀನಿ ಬುಡು."

ನನಗೆ ಸಿಟ್ಟು ಬಂತು, ಮುಚ್ಚಿಡುವುದೇನು. ಇಷ್ಟು ವರ್ಷ ಕಾದ ಅರಮನೆ ಆ ಕಾಡಿನ ಆಚೆಗಿತ್ತು. ಬಿಟ್ಟು ಹೋಗೋಣವೆಂದರೆ, ಅತ್ತೆಯನ್ನು ಗವಿಯಲ್ಲಿ ಕೂರಿಸಿ ಅರಮನೆ ನೋಡಲು ಹೋದ ಸೊಸೆ ಎಂದು ಹುಣಸೂರಿನಲ್ಲಿ ನನ್ನ ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಾರೆ. ಎಳೆದುಕೊಂಡು ಹೋಗೋಣವೆಂದರೆ ಅವರ ಮುಖ ನೋಡಿ ಕೈ ಏಳಲಿಲ್ಲ. ಹೊರಗೆ ಬಂದು ರಾಜಮ್ಮನವರಿಗೆ, "ನೀವು ಹೋಗಿ ಬನ್ನಿ, ನಾವು ಇಲ್ಲೇ ಸ್ವಲ್ಪ ಸುಧಾರಿಸಿಕೊಳ್ಳುತ್ತೇವೆ" ಎಂದೆ. ಇನ್ನೊಂದು ಸಲ ಬಲವಂತ ಮಾಡಿದ್ದರೆ ಹೋಗಿಬಿಡುತ್ತಿದ್ದೆ. ಆದರೆ ರಾಜಮ್ಮನವರು ಬಹಳ ಸಭ್ಯರು, ಬಲವಂತ ಮಾಡಲಿಲ್ಲ. ಬಸ್ಸು ಕೆಂಪು ಧೂಳೆಬ್ಬಿಸಿಕೊಂಡು ಹೋಗುವುದನ್ನು ಗವಿಯ ಬಾಯಲ್ಲಿ ನಿಂತು ನೋಡಿದೆ. ಆ ಬಸ್ಸಿಗೆ ಬೋರ್ಡು ಕೂಡ ಇರಲಿಲ್ಲ.

ಒಳಗೆ ಬಂದು ಮುಖ ಆ ಕಡೆ ಮಾಡಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಅತ್ತೆಯ ಗೊರಕೆ ಕೇಳಿಸಿತು. ಋಷಿಗಳು ಗೊರಕೆ ಹೊಡೆಯುತ್ತಿದ್ದರೋ ಇಲ್ಲವೋ, ಅಂಥ ಜಾಗದಲ್ಲಿ ಗೊರಕೆಗೆ ಬಹಳ ಗಾಂಭೀರ್ಯ ಬರುತ್ತದೆ. ನಾನು ಗವಿಯ ಬಾಯಿಗೆ ಸರಿದು ಕಾಡಿನ ಕಡೆ ನೋಡಿದೆ. ದೂರದಲ್ಲಿ ಹಸಿರು ನೀಲಿಯಾಗುವ ಕಡೆ ಒಂದು ಬಿಳಿ ಚುಕ್ಕೆ ಕಂಡಂತಾಯಿತು. ಅದೇ ಅರಮನೆ ಎಂದುಕೊಂಡು ಬಹಳ ಹೊತ್ತು ಅದನ್ನೇ ನೋಡಿದೆ. ಆಮೇಲೆ ಅದು ಎದ್ದು ಹಾರಿ ಹೋಯಿತು, ಕೊಕ್ಕರೆ.

ನಿದ್ದೆಯಿಂದ ಎದ್ದ ಅತ್ತೆ ಡಬ್ಬಿ ಬಿಚ್ಚಿದರು. ನಾನು ಅಭ್ಯಾಸದಂತೆ ಬಡಿಸಲು ಕೈ ಚಾಚಿದೆ. "ಕೂತ್ಕೊ, ನಾನ್ ಇಕ್ತೀನಿ" ಎಂದು ಮುತ್ತುಗದ ಎಲೆ ಹಾಸಿ, ರೊಟ್ಟಿ ಇಟ್ಟು, ಚಟ್ನಿ ಹಾಕಿ, ನಾನು ತಿನ್ನುವುದನ್ನು ನೋಡುತ್ತ ಕೂತರು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ನನಗೆ ಎದುರಿಗೆ ಕೂತು ಯಾರೂ ಬಡಿಸಿರಲಿಲ್ಲ. ನನ್ನ ಸಿಟ್ಟು ರೊಟ್ಟಿಯ ಜೊತೆ ಎಲ್ಲಿ ಇಳಿದು ಹೋಯಿತೋ ತಿಳಿಯಲಿಲ್ಲ. ಹುಡುಗಿಯಾಗಿದ್ದಾಗ ಕುರಿ ಮೇಯಿಸುತ್ತ ಬಂಡೆಯೊಂದರ ಸಂದಿಯಲ್ಲಿ ಕೂರುತ್ತಿದ್ದುದನ್ನು ಅತ್ತೆ ಹೇಳಿದರು. ನಾನು ನನ್ನ ಬೆತ್ತದ ಕುರ್ಚಿಯ ವಿಷಯ ಹೇಳಿದೆ, ಅದುವರೆಗೆ ಯಾರಿಗೂ ಹೇಳದಿದ್ದುದನ್ನು. ಅತ್ತೆ ಮೊಸರನ್ನ ಕಲಸುತ್ತ ಕೇಳಿಸಿಕೊಂಡರು.

ಸಾಯಂಕಾಲ ಬಸ್ಸು ಬಂತು. ನಾನು ಹತ್ತಿ ಕೂತ ತಕ್ಷಣ, "ಅರಮನೆ ಹೇಗಿತ್ತು?" ಎಂದು ಕೇಳಿದೆ. ಒಬ್ಬಾಕೆ ಬಾಗಿಲಿಗೆ ಬೀಗ ಹಾಕಿತ್ತು ಎಂದಳು. ಇನ್ನೊಬ್ಬಾಕೆ ಒಳಗೆ ಎಷ್ಟೊಂದು ಕೋಣೆಗಳಿದ್ದವು ಎಂದಳು. ಮತ್ತೊಬ್ಬಾಕೆಗೆ ಅಲ್ಲಿಯ ಬಾವಿ ನೀರು ಸಿಹಿಯಾಗಿತ್ತು ಎಂಬುದಷ್ಟೇ ನೆನಪು. ಕುರ್ಚಿಗಳಿದ್ದವಾ ಎಂದರೆ ಯಾರೂ ನೋಡಿರಲಿಲ್ಲ. ಅಷ್ಟರಲ್ಲಿ ರಾಜಮ್ಮನವರು ತಿರುಗಿ, "ಅದು ಸರಿ, ಸುಧಾರಿಸಿಕೊಳ್ಳುವಂಥದ್ದು ಏನಾಗಿತ್ತು, ನೀವ್ಯಾಕೆ ಬರಲಿಲ್ಲ?" ಎಂದರು.

ಗವಿಯಲ್ಲಿ ಕಾಲು ನೀಡಿ ಕೂತಿದ್ದೆ ಎಂದು ಹೇಳಲು ಅತ್ತೆಗೆ ನಾಚಿಕೆಯಾಗಿರಬೇಕು. ಸೆರಗಿನ ಅಡಿಯಲ್ಲಿ ನನ್ನ ಕೈ ಹಿಡಿದು ಅದುಮಿ, "ನಮ್ಮ ಸರೋಜಿಗೆ ಬೆಟ್ಟ ಅತ್ತಿದ್ದೇ ತಲೆ ಸುತ್ತು ಬಂತು ಕಣ್ರವ್ವ. ಒಬ್ಳನ್ನೇ ಎಂಗ್ ಬುಟ್ಟು ಬರಾದು" ಎಂದರು.

ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು. ಆಮೇಲೆ ರಾಜಮ್ಮನವರು ನಕ್ಕು, ಡ್ರೈವರಿಗೆ ಮೆಲ್ಲಗೆ ಹೋಗುವಂತೆ ಹೇಳಿದರು. ನನಗೆ ಅರ್ಥವಾಗುವ ಹೊತ್ತಿಗೆ ಯಾರೋ ಕಿಟಕಿಯ ಸೀಟು ಬಿಟ್ಟುಕೊಟ್ಟಿದ್ದರು.

ಮರುದಿನದಿಂದ ನಮ್ಮ ಮನೆಗೆ ಬೀದಿಯವರೆಲ್ಲ ಬಯಕೆಗೆಂದು ಮಾವಿನಕಾಯಿ ಕೊಟ್ಟು ಕಳಿಸತೊಡಗಿದರು. ನಾನು ಇಲ್ಲ ಎಂದರೆ ಅತ್ತೆಯ ಮಾತು ಸುಳ್ಳಾಗುತ್ತದೆ, ಹೂಂ ಎಂದರೆ ನನ್ನ ಮಾತು. ಸುಮ್ಮನೆ ಮಾವಿನಕಾಯಿ ತಿಂದೆ. ಇದಕ್ಕಿಂತ ವಿಚಿತ್ರ ಏನೆಂದರೆ, ತಲೆಸುತ್ತನ್ನು ಹುಟ್ಟಿಸಿದ ಅತ್ತೆಯೇ ನಾಲ್ಕು ಜನ ಹೇಳಿದ್ದನ್ನು ಕೇಳಿ ಅದನ್ನು ನಂಬತೊಡಗಿದರು. ಬಿಂದಿಗೆ ಎತ್ತಬೇಡ ಎಂದರು, ಒರಳಿನ ಹತ್ತಿರ ಬರಬೇಡ ಎಂದರು. "ನಿಮಗೇ ಗೊತ್ತಲ್ಲ ಅತ್ತೆ" ಎಂದರೆ, "ನಂಗೇನ್ ಗೊತ್ತವ್ವ, ಜನ ಸುಮ್ಕೆ ಏಳ್ತಾರಾ" ಎಂದು ನನ್ನನ್ನೇ ಕೇಳಿದರು. ನಾನು ಕಿಟಕಿಯ ಹತ್ತಿರ ಕೂತು ಬೋರ್ಡು ಓದಿದೆ.

ಕೊನೆಗೆ ಒಂದು ಬೆಳಿಗ್ಗೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಚೀಲ ಹೆಗಲಿಗೆ ಹಾಕಿಕೊಂಡು ನರ್ಸಮ್ಮ ಬಂದು, ನಮ್ಮ ಮನೆಯವರನ್ನು ಜಗಲಿಯಲ್ಲಿ ಕೂರಿಸಿಕೊಂಡು, ಎರಡೇ ಮಕ್ಕಳಿದ್ದರೆ ಸಂಸಾರ ಎಷ್ಟು ಸುಖವಾಗಿರುತ್ತದೆ ಎಂದು ಬಿಡಿಸಿ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಒಳಗೆ ಬಂದು, "ಏನೇ ಇದು? ನನಗೊಬ್ಬನಿಗೇ ಗೊತ್ತಿಲ್ಲವಾ?" ಎಂದರು. ಇದ್ದದ್ದನ್ನೆಲ್ಲ ಹೇಳಿದೆ. ಅವರು ಗೋಡೆಗೆ ಒರಗಿ ಬಹಳ ಹೊತ್ತು ನಕ್ಕರು, ಆಮೇಲೆ ಮಂಡಿಗೆ ಹೋದರು. ಅತ್ತೆ, "ಇಲ್ದಿದ್ರೆ ಇಲ್ಲ ಬುಡು" ಎಂದು ಬಿಂದಿಗೆಯನ್ನು ನನ್ನ ಕಡೆ ತಳ್ಳಿದರು.

ಆಮೇಲೆ ರಾಜಮ್ಮನವರು ಮತ್ತೊಂದು ಟೂರು ಮಾಡಿದರು, ಕೊಡಗಿಗೆ. ಬೆಟ್ಟದ ದಾರಿ ಎಂದು ನನ್ನನ್ನು ಕರೆಯಲೇ ಇಲ್ಲ. ಅಣೆಕಟ್ಟು ಮುಗಿದು ಹಿನ್ನೀರು ನಿಂತ ಮೇಲೆ ಅರಮನೆಗೆ ಹೋಗುವ ಕಾಡಿನ ಕಾಲುದಾರಿ ನೀರಿನಲ್ಲಿ ಮುಳುಗಿ ಹೋಯಿತಂತೆ. ಇದನ್ನು ಶ್ಯಾಮರಾಯರು ಬಂದು ಹೇಳಿದ ದಿನ ನಾನು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಚೊಂಬನ್ನು ಸುಮ್ಮನೆ ಕೈಯಲ್ಲಿ ತಿರುಗಿಸುತ್ತ, "ನಿನ್ ಅರಮನೆ ನನ್ನಿಂದ ತಪ್ಪೋಯ್ತು ಕಣ ಸರೋಜಿ" ಎಂದರು. ಅಷ್ಟು ದಿನಕ್ಕೆ ಅವರು ಆಡಿದ ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿಕೊಂಡಿತು. ಇರುವ ಸಂಕಟವನ್ನೆಲ್ಲ ಹೇಳಿಬಿಡಬೇಕು ಎನ್ನಿಸಿತು. ಆದರೆ ಬಾಯಿಗೆ ಬಂದದ್ದು ಒಳ್ಳೆಯ ಸೊಸೆಯ ಮಾತು. "ಹೋಗಲಿ ಬಿಡಿ ಅತ್ತೆ, ಅದರಲ್ಲೇನಿದೆ" ಎಂದೆ.

"ಅದ್ನೇ ನಾನೂ ಅಂದ್ಕಂಡೆ" ಎಂದು ಅತ್ತೆ ಹಗುರವಾಗಿ ಎದ್ದು ಒಳಗೆ ಹೋದರು.

ಇನ್ನೊಂದು ಸಲ ಕೇಳುತ್ತಾರೇನೋ ಎಂದು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಾನು ಅಲ್ಲೇ ಬಹಳ ಹೊತ್ತು ಕೂತಿದ್ದೆ.