ಬಲಗೈ ಗಡಿಯಾರ

ಬೆಳಗ್ಗೆ ಕಣ್ಣು ಬಿಟ್ಟಾಗ ಗಂಟಣ್ಣನ ಕೈಗಡಿಯಾರ ಬಲಗೈಯಲ್ಲಿತ್ತು.

ಅದರಲ್ಲೇನಿದೆ ಎಂದು ಬೇರೆಯವರಿಗೆ ಅನಿಸಬಹುದು. ಗಂಟಣ್ಣನ ಎದೆ ಮಾತ್ರ ಧಸಕ್ಕೆಂದಿತು. ಹುಟ್ಟು ಮರೆಗುಳಿ ಅವನು. ಚಿಕ್ಕಂದಿನಲ್ಲಿ ತಾಯಿ ಹೇಳಿಕೊಟ್ಟ ಉಪಾಯಗಳನ್ನೇ ಊರುಗೋಲು ಮಾಡಿಕೊಂಡು ಐವತ್ತು ದಾಟಿದ್ದ. ಸಣ್ಣಪುಟ್ಟ ಕೆಲಸಕ್ಕಾದರೆ ಕರವಸ್ತ್ರದ ತುದಿಗೊಂದು ಗಂಟು. ಆ ಹೆಸರು ಬಂದದ್ದೇ ಅದರಿಂದ. ಏನಾದರೂ ಹೊರಗೆ ಒಯ್ಯುವುದಿದ್ದರೆ ಬಾಗಿಲ ಬಳಿ ಚಪ್ಪಲಿ ಮಗುಚಿ ಇಡುವುದು. ಗಡಿಯಾರ ಕೈ ಬದಲಾಗುವುದು ಮಾತ್ರ ಮನೆ ಮುಳುಗುವಂಥ ಸಂಗತಿಗೆ. ಅಪ್ಪನ ಆಪರೇಷನ್ನಿಗೆ ಒಮ್ಮೆ ಬದಲಾಗಿತ್ತು. ಬಾಡಿಗೆ ಮನೆಯ ಕರಾರು ಮುಗಿಯುವ ದಿನಕ್ಕೆ ಇನ್ನೊಮ್ಮೆ. ಈಗ ಮತ್ತೆ ಬದಲಾಗಿದೆ. ಯಾತಕ್ಕೆ?

ರಾತ್ರಿ ನೆಗಡಿ ಮಾತ್ರೆ ನುಂಗಿ ಮಲಗಿದ್ದ. ತಲೆ ನೆನೆದ ಬೂಸಾದ ಮೂಟೆಯಂತೆ ಭಾರವಾಗಿತ್ತು. ಎಷ್ಟು ಕೈಯಾಡಿಸಿದರೂ ಒಳಗೆ ಏನೂ ಸಿಗಲಿಲ್ಲ.

ಹೆಂಡತಿಯನ್ನು ಕೇಳೋಣವೆಂದರೆ ಅವಳು ಬೆಳಕು ಹರಿಯುವ ಮೊದಲೇ ಹೊಲಿಗೆ ಕಾರ್ಖಾನೆಗೆ ಹೊರಟುಹೋಗಿದ್ದಳು. ಅಲ್ಲಿ ಸಂಜೆಯವರೆಗೂ ಕೆಲಸಗಾರರ ಫೋನುಗಳಿಗೆ ಬೀರುವೇ ಗತಿ. ಫೋನು ಸಿಕ್ಕಿದ್ದರೂ ಅವನು ಕೇಳುತ್ತಿದ್ದನೆಂಬುದು ಸಂಶಯ. ಎರಡು ವರ್ಷದ ಹಿಂದೆ ಅವಳ ಎಡಗಡೆಯ ದವಡೆ ಹಲ್ಲುಗಳನ್ನೆಲ್ಲ ಕಿತ್ತಿದ್ದರು. ಅಂದಿನಿಂದ ಒಂದೇ ಕಡೆ ಅಗಿಯುತ್ತಿದ್ದಳು. ಹೊಸ ಹಲ್ಲು ಕಟ್ಟಿಸಲು ಇಬ್ಬರೂ ಕೂಡಿಟ್ಟ ದುಡ್ಡು ಗಂಟಣ್ಣನ ಖಾತೆಯಲ್ಲಿತ್ತು. ಹಲ್ಲಿನ ಡಾಕ್ಟರ ಬಳಿ ಅಳತೆ ಕೊಡುವ ದಿನವನ್ನು ಅವನು ಈಗಾಗಲೇ ಎರಡು ಸಲ ಮರೆತಿದ್ದ. ಮೂರನೆಯ ಮರೆವನ್ನು ಅವಳ ಮುಂದಿಡುವ ಧೈರ್ಯ ಅವನಲ್ಲಿರಲಿಲ್ಲ.

ಆ ದುಡ್ಡಿನ ಮೇಲೆ ಇನ್ನೊಂದು ಕಣ್ಣೂ ಬಿದ್ದಿತ್ತು. ತಿಂಗಳ ಹಿಂದೆ ಗಂಟಣ್ಣ ಫೋನಿನಲ್ಲಿ ಕೋಳಿ ರೋಗದ ವಿಡಿಯೊ ನೋಡುತ್ತಿದ್ದಾಗ, ನಡುವೆ ನುಣ್ಣಗೆ ಗಡ್ಡ ಕತ್ತರಿಸಿದವನೊಬ್ಬ ಎದ್ದು ಬಂದು, “ನಿಮಗೆ ತಿಳಿದಿರುವುದು ಬೇಕಾದಾಗ ನಿಮ್ಮ ಕೈಗೆ ಸಿಗುತ್ತದೆಯೇ?” ಎಂದು ಕೇಳಿದ. ಗಂಟಣ್ಣನಿಗೆ ತನ್ನ ಹೆಸರು ಹಿಡಿದು ಕರೆದಂತಾಯಿತು. ಅದು ‘ವೈಯಕ್ತಿಕ ಜ್ಞಾನ ನಿರ್ವಹಣೆ’ ಎಂಬ ಆನ್‌ಲೈನ್ ಕೋರ್ಸು. ಓದಿದ್ದು, ಕೇಳಿದ್ದು, ಕಂಡದ್ದನ್ನೆಲ್ಲ ಫೋನಿನೊಳಗೆ ಗೂಡು ಗೂಡಾಗಿ ಜೋಡಿಸಿಟ್ಟು, ಬೇಕೆಂದಾಗ ಥಟ್ಟನೆ ತೆಗೆಯುವ ವಿದ್ಯೆ. ಬೆಲೆ ಹೆಚ್ಚುಕಡಿಮೆ ಎರಡು ದವಡೆಯಷ್ಟು, ಕಂತಿನಲ್ಲೂ ಕೊಡಬಹುದು. ಕೊಳ್ಳುವುದೇ ಸರಿ ಎಂದು ಬೆಳಗ್ಗೆ, ಬೇಡವೇ ಬೇಡ ಎಂದು ಸಂಜೆ ತೀರ್ಮಾನಿಸುತ್ತ, ಎರಡು ತೀರ್ಮಾನಗಳೂ ಅಕ್ಕಿಯಲ್ಲಿ ಬೆರೆತ ಕಲ್ಲಿನಂತಾಗಿ, ಕಡೆಯದು ಯಾವುದೆಂದು ಅವನಿಗೇ ಆರಿಸಲು ಬಾರದಂತಾಗಿತ್ತು.

ಹಲ್ಲುಜ್ಜುತ್ತ ಹಿತ್ತಲಲ್ಲಿ ನಿಂತಿದ್ದಾಗ ಗೋಡೆಯಾಚೆಯಿಂದ ನಿವೃತ್ತ ಮೇಷ್ಟ್ರ ತಲೆ ಮೇಲೆದ್ದಿತು.

“ಏನು ಗಂಟಣ್ಣ, ಗಡಿಯಾರ ಬಲಗೈಗೆ ಬಂದ್ಬಿಟ್ಟಿದೆ! ಯಾರಿಗೇನಾಯ್ತು?”

“ಅದೇ ಗೊತ್ತಾಗ್ತಿಲ್ಲ ಮೇಷ್ಟ್ರೆ.”

“ನಿಮ್ಮತ್ತೆಗೆ ಹುಷಾರಿಲ್ಲ ಅಂತಿದ್ರಲ್ಲ? ಮೊದಲು ಫೋನ್ ಹಚ್ಚಿ. ವಯಸ್ಸಾದವರು, ದೀಪ ಯಾವಾಗ ಆರುತ್ತೋ ಹೇಳೋಕಾಗಲ್ಲ.”

ಮದುವೆಯಾದಾಗಿನಿಂದ ಗಂಟಣ್ಣ ತಾನಾಗಿ ಅತ್ತೆಗೆ ಫೋನು ಮಾಡಿದವನಲ್ಲ. ಅಳಿಯನ ದನಿ ಕೇಳಿದ್ದೇ ತಡ, ಆಕೆ ಕಿರುಚಿಕೊಂಡಳು.

“ಅಯ್ಯೋ ಅಳಿಯಂದ್ರೆ, ನನ್ನ ಮಗಳಿಗೇನಾಯ್ತು?”

“ಏನೂ ಆಗಿಲ್ಲ ಅತ್ತೆ. ಸುಮ್ನೆ, ಹೇಗಿದೀರಾ ಅಂತ...”

“ನೀವು ಸುಮ್ನೆ ಫೋನ್ ಮಾಡೋರಾ? ನನ್ನ ಹತ್ರ ಮುಚ್ಚಿಡ್ಬೇಡಿ! ಈಗ್ಲೇ ಹೊರಟೆ!”

ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಆಕೆ ಎತ್ತಲಿಲ್ಲ. “ನೋಡಿದ್ರಾ, ಒಳ್ಳೇದೇ ಆಯ್ತು, ಹೇಗೂ ಬರ್ತಾರಲ್ಲ” ಎಂದು ಮೇಷ್ಟ್ರು ತಲೆಯನ್ನು ಒಳಗೆಳೆದುಕೊಂಡರು.

ಗಂಟಣ್ಣ ಕೆಲಸಕ್ಕಿದ್ದದ್ದು ದನ, ಕೋಳಿ, ಹಂದಿಗಳ ಮೇವು ಮಾರುವ ಅಂಗಡಿಯಲ್ಲಿ. ಮುಂದೆ ತಕ್ಕಡಿ, ಹಿಂದೆ ತಗಡಿನ ಉಗ್ರಾಣ, ಎಲ್ಲೆಲ್ಲೂ ಹಿಂಡಿಯ ವಾಸನೆ, ಹೊಟ್ಟಿನ ಧೂಳು. ಯಾವ ಮೂಟೆ ಯಾರಿಗೆ ಹೋಗಬೇಕೆಂದು ನೋಡುವುದು ಅವನ ಹೊಣೆ. ಗಡಿಯಾರದ ಸುದ್ದಿ ಮೂಟೆಗಿಂತ ಮುಂಚೆ ಒಳಗೆ ಹೋಯಿತು.

“ಯಾರಿಗೋ ಮೇವು ಕಳಿಸ್ತೀನಿ ಅಂತ ಮಾತು ಕೊಟ್ಟಿರ್ತೀರಾ ಅಣ್ಣ,” ಎಂದ ತೂಕದವನು. “ಕೋಳಿ ಫಾರಂನೋರು ನಿನ್ನೆ ಬಂದಿದ್ರಲ್ಲ? ಅಥವಾ ಹಂದಿ ಸಾಕೋ ಅಮ್ಮನಾ?”

ಇಬ್ಬರೂ ಬಂದಿದ್ದುದು ನಿಜ. ಮಾತು ಕೊಟ್ಟದ್ದು ಯಾರಿಗೆಂಬುದು ಮಂಜು. ಯಾವುದಕ್ಕೂ ಇರಲೆಂದು ಗಂಟಣ್ಣ ಇಬ್ಬರಿಗೂ ಕಳಿಸಿದ. ಗಡಿಬಿಡಿಯಲ್ಲಿ ಮರಿಕೋಳಿಯ ಮೇವು ಹಂದಿಗಳಿಗೂ, ಹಂದಿಯ ಮೇವು ಮರಿಗಳಿಗೂ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಮೂಟೆಗಳ ಸಮೇತ ಬಂದಿಳಿದರು.

“ನನ್ನ ಮರಿಗಳೇನು ಹಂದಿಗಳೇನಯ್ಯಾ?” ಎಂದು ಫಾರಂನವನು ಕೂಗಿದ.

“ನನ್ನ ಹಂದಿಗಳಿಗೇನು ಕಮ್ಮಿಯಾಗಿದೆ? ನಿನ್ನ ಕೋಳಿಗಿಂತ ಮರ್ಯಾದೆಯಿಂದ ತಿಂತಾವೆ!” ಎಂದು ಆಕೆ ಅವನ ಮೇಲೆ ತಿರುಗಿದಳು.

ಒಬ್ಬರ ಮೇಲೊಬ್ಬರು ಬಿದ್ದು ಜಗಳವಾಡಿ, ಕೊನೆಗೆ ಇಬ್ಬರೂ ಒಂದಾಗಿ ಗಂಟಣ್ಣನನ್ನು ಬೈದರು. ಯಜಮಾನರು ತಮ್ಮ ಕುರ್ಚಿಯಿಂದ ಎದ್ದು ಬಂದರು. ಹೆಚ್ಚು ಮಾತಾಡುವ ಮನುಷ್ಯರಲ್ಲ.

“ಏನಯ್ಯಾ, ನೋಡೋ ಕೆಲಸ ಆಗಲ್ಲ ಅಂದ್ರೆ ಹೊರೋ ಕೆಲಸ ಇದೆ. ಇನ್ನೊಂದು ಸಲ ಹೀಗಾದ್ರೆ ನಾಳೆಯಿಂದ ನೀನೂ ಮೂಟೆ ಹೊರು.”

ಗಂಟಣ್ಣ ತನ್ನ ಬೆನ್ನನ್ನು ನೆನೆದುಕೊಂಡ. ಬೆನ್ನು ಮಾತ್ರ ಅವನಿಗೆ ಎಂದೂ ಮರೆಯುತ್ತಿರಲಿಲ್ಲ.

ಊಟದ ಹೊತ್ತಿನಲ್ಲಿ ಕ್ಯಾಶಿನಲ್ಲಿ ಕೂರುವ ಅಕ್ಕ ಹತ್ತಿರ ಬಂದು ದನಿ ತಗ್ಗಿಸಿದಳು. “ಇವತ್ತು ನಿಮ್ಮ ಮದುವೆಯಾದ ದಿನ ಇರ್ಬೇಕು. ನಮ್ಮೆಜಮಾನ್ರು ಮರೆತ ವರ್ಷ ನಾನು ವಾರ ಮಾತು ಬಿಟ್ಟಿದ್ದೆ. ಏನಾದ್ರೂ ತಗೊಂಡು ಹೋಗಿ, ಕಳ್ಕೊಳ್ಳೋದೇನಿದೆ?”

ಮದುವೆ ಚಳಿಗಾಲದಲ್ಲೋ ಬೇಸಿಗೆಯಲ್ಲೋ ಎಂಬುದರಲ್ಲೇ ಗಂಟಣ್ಣನಿಗೆ ಅನುಮಾನವಿತ್ತು. ಎದುರಿನ ಅಂಗಡಿಗೆ ಹೋಗಿ ಬಾದಾಮಿಯ ಪೊಟ್ಟಣ ಕಟ್ಟಿಸಿಕೊಂಡು ಬಂದ. ಜೇಬಿಗೆ ಇಳಿಸಿದ ಮೇಲೆ ಹೆಂಡತಿಯ ಹಲ್ಲು ನೆನಪಾಯಿತು. ಮರಳಿಸಲು ಹೋದರೆ ಅಂಗಡಿಯವನು, “ತಿನ್ನೋ ಪದಾರ್ಥ ವಾಪಸ್ ಇಲ್ಲ” ಎಂದ.

ಮೂಟೆಯ ಮೇಲೆ ಕುಸಿದು ಕೂತು ಗಂಟಣ್ಣ ಫೋನು ತೆಗೆದ. ಗಡ್ಡದವನು ಕಾದಿದ್ದವನಂತೆ ಎದ್ದು ಬಂದ. ಅವನ ಕಾಲ ಕೆಳಗೆ ಕೆಂಪು ಅಕ್ಷರ ಮಿನುಗುತ್ತಿತ್ತು: ‘ಅರ್ಧ ಬೆಲೆಗೆ ಇಂದೇ ಕೊನೆಯ ದಿನ.’

ಗಂಟಣ್ಣ ಛಂಗನೆ ನೆಗೆದು ನಿಂತ. “ಸಿಕ್ತು! ಸಿಕ್ತು!”

“ಏನಣ್ಣ, ಹೆಗ್ಗಣಾನಾ?” ಎಂದು ತೂಕದವನು ದೊಣ್ಣೆ ಹಿಡಿದು ಓಡಿಬಂದ.

“ಅಲ್ವೋ, ಗಡಿಯಾರ! ಇವತ್ತು ಕಡೇ ದಿನ, ಮರೀಬಾರ್ದು ಅಂತ್ಲೇ ಕಟ್ಟಿರೋದು!”

ಉಗ್ರಾಣದಲ್ಲಿದ್ದವರೆಲ್ಲ ಫೋನಿನ ಸುತ್ತ ನೆರೆದರು. ಅಕ್ಕ ಕನ್ನಡಕ ಏರಿಸಿದಳು. “ದುಬಾರಿ ಆಯ್ತಲ್ಲ?” ಎಂದಳು.

“ದುಬಾರಿ ಆದ್ರೇನಕ್ಕಾ? ಇವತ್ತು ಎರಡು ಲೋಡು ತಿರುಗಿ ಬಂತು. ಒತ್ತಣ್ಣ, ಒತ್ತು. ನಮ್ಮ ಪ್ರಾಣ ಉಳೀಲಿ,” ಎಂದ ತೂಕದವನು.

ದೂರದಿಂದಲೇ ಯಜಮಾನರು, “ಜ್ಞಾನಕ್ಕೆ ಹಾಕಿದ್ದು ಎಲ್ಲೂ ಹೋಗಲ್ಲ” ಎಂದರು. ಹಾಗೆಂದವರು ತಮ್ಮ ಜೇಬನ್ನು ಮುಟ್ಟಲಿಲ್ಲ.

ಗಂಟಣ್ಣನ ಬೆರಳು ಒಂದು ಕ್ಷಣ ತಡೆಯಿತು. ಅದು ಹಲ್ಲಿನ ದುಡ್ಡು. ಆದರೆ ತಲೆಯೇ ನೆಟ್ಟಗಿಲ್ಲದೆ ಈ ಕೆಲಸ ಹೋದರೆ ಹಲ್ಲೆಲ್ಲಿ, ಹಲ್ಲಿಗೆ ಅನ್ನವೆಲ್ಲಿ? ಅಲ್ಲದೆ ಗಡಿಯಾರ ಸುಮ್ಮನೆ ಕೈ ಬದಲಾಗುವುದಲ್ಲ. ಅವನು ಒತ್ತಿದ. ‘ಹಣ ಮರುಪಾವತಿ ಇಲ್ಲ, ಒಪ್ಪಿಗೆಯೇ?’ ಎಂದು ಕೇಳಿತು. ಒಪ್ಪಿಗೆ ಎಂದ. ಖಾತೆ ಬರಿದಾದ ಸಂದೇಶ ಟಿಣ್ ಎಂದು ಬಂತು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಮೂಟೆ ಇಳಿದಂತಾಗಿ, ಗಂಟಣ್ಣ ಆ ದಿನ ಮೊದಲ ಸಲ ನಕ್ಕ.

ಸಂಜೆ ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಕೂತು, ಕೆಲಸದಿಂದ ಬಂದ ಮಗಳ ಮೈಕೈ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಬದುಕಿದ್ದಾಳೆಂದು ಖಾತ್ರಿಯಾದ ಮೇಲೆ ಅಳಿಯನ ಕೈಯ ಪೊಟ್ಟಣ ಕಿತ್ತುಕೊಂಡು ಒಂದು ಬಾದಾಮಿ ಬಾಯಿಗೆ ಹಾಕಿ ಕಟಕ್ಕನೆ ಕಡಿದಳು. ಎಪ್ಪತ್ತು ದಾಟಿದರೂ ಆಕೆಯ ಒಂದು ಹಲ್ಲೂ ಅಲ್ಲಾಡಿರಲಿಲ್ಲ.

“ಏನ್ರೀ ಇದು? ಅಮ್ಮ ಎದ್ದೂ ಬಿದ್ದೂ ಬಂದಿದಾಳೆ,” ಎಂದಳು ಹೆಂಡತಿ. ಅವಳ ಕಣ್ಣು ಗಡಿಯಾರದ ಮೇಲೆ ಬಿತ್ತು. ಮುಖ ಮೃದುವಾಯಿತು. “ಇನ್ನೂ ಬಿಚ್ಚಿಲ್ವಾ? ಪರವಾಗಿಲ್ಲ, ಈ ಸಲ ನೆನಪಿಟ್ಕೊಂಡಿದೀರಾ.”

“ಇಟ್ಕೊಳ್ದೆ? ಹೇಗೋ ಕಡೇ ಗಳಿಗೇಲಿ ಹೊಳೀತು ನೋಡು.” ಗಂಟಣ್ಣ ಎದೆಯುಬ್ಬಿಸಿದ. “ಆದ್ರೆ ನಿನಗೆ ಹೇಗೆ ಗೊತ್ತಾಯ್ತು?”

“ಗೊತ್ತಿಲ್ದೆ ಏನು? ರಾತ್ರಿ ಮಾತ್ರೆ ನುಂಗಿದ ಮೇಲೆ ನನ್ನ ಎಬ್ಬಿಸಿ, ನನ್ನ ಕಣ್ಣೆದುರಿಗೇ ಬಿಚ್ಚಿ ಬಲಗೈಗೆ ಕಟ್ಕೊಂಡ್ರಲ್ಲ. ‘ನಾಳೆ ಆ ಕೋರ್ಸಿನ ಅರ್ಧ ಬೆಲೆಗೆ ಕಡೇ ದಿನ ಅಂತ ಆಸೆ ತೋರಿಸ್ತಾನೆ. ಯಾರು ಏನೇ ಅಂದ್ರೂ ನಾನು ಒತ್ತಲ್ಲ. ಅದು ನಿನ್ನ ಹಲ್ಲಿನ ದುಡ್ಡು. ಈ ಗಡಿಯಾರ ನೋಡಿದಾಗೆಲ್ಲ ನೆನಪಾಗ್ಲಿ’ ಅಂದ್ರಿ. ನನಗೆ ಕಣ್ಣಲ್ಲಿ ನೀರೇ ಬಂತು.”

ಜಗಲಿಯಲ್ಲಿ ಅತ್ತೆ ಇನ್ನೊಂದು ಬಾದಾಮಿಯನ್ನು ಕಟಕ್ಕನೆ ಕಡಿದಳು.

ಗಂಟಣ್ಣ ಬಾಯಿ ತೆರೆದ. ಅಷ್ಟರಲ್ಲಿ ಜೇಬಿನೊಳಗಿಂದ ಫೋನೇ ಮಾತಾಡಿತು. “ನಮಸ್ಕಾರ! ಸರಿಯಾದ ತೀರ್ಮಾನ ಮಾಡಿದ್ದೀರಿ,” ಎಂದ ಗಡ್ಡದವನು. “ಮೊದಲ ಪಾಠ ಸಿದ್ಧವಿದೆ.”

ಹೆಂಡತಿ ಬೈಯಲಿಲ್ಲ, ಅಳಲಿಲ್ಲ. ಅವಳ ನಾಲಿಗೆ ಒಳಗೊಳಗೇ ಎಡಗಡೆಯ ಬರಿ ಒಸಡನ್ನು ಒಮ್ಮೆ ಸವರಿ ಬಂದದ್ದು ಕೆನ್ನೆಯ ಮೇಲೆ ಕಾಣಿಸಿತು.

“ಅಗಿಯೋದು ಹೇಗೆ ಅಂತ ಅದರಲ್ಲೇನಾದ್ರೂ ಪಾಠ ಇದ್ರೆ ನನಗೂ ತೋರ್ಸಿ,” ಎಂದಳು.

ಆಮೇಲೆ ಅವನ ಬಲಗೈ ಹಿಡಿದು ಗಡಿಯಾರ ಬಿಚ್ಚಿದಳು. ಎಡಗೈಗೆ ಕಟ್ಟುತ್ತಾಳೆಂದು ಗಂಟಣ್ಣ ಕೈ ಚಾಚಿಯೇ ನಿಂತ. ಅವಳು ಅದನ್ನು ತನ್ನ ಕೈಗೆ ಕಟ್ಟಿಕೊಂಡಳು.

“ನನ್ನ ಹತ್ರಾನೇ ಇರ್ಲಿ. ನನಗೆ ಹಲ್ಲಿಲ್ಲ ಅಷ್ಟೆ. ನೆನಪಿದೆ.”